ಬಿರುಬಿಸಿಲಿನಲ್ಲಿ ಹೊಂಗೆ ಚಿಗುರುವುದೇಕೆ?

ಬೆಂಗಳೂರಿನಲ್ಲಿ ವರ್ಷಕ್ಕೆ ಒಂದು ಮೀಟರಿಗೆ ಹತ್ತಿರ ಮಳೆಯಾಗುತ್ತದೆ. ಅದರಲ್ಲಿ ಜನವರಿಯಿಂದ ಮಾರ್ಚ್ ಕೊನೆಯವರೆಗೆ ಬೀಳುವುದು ಸರಾಸರಿ ಎರಡು ಮೂರು ಸೆಂಟಿಮೀಟರ್ ಅಷ್ಟೆ. ಈ ಮೂರು ತಿಂಗಳಲ್ಲಿ ಪಾರ್ಕಿನ ಹುಲ್ಲು ಒಣಗಿ ಹಳದಿಯಾಗುತ್ತದೆ, ಪಾತಿಯ ಮಣ್ಣು ಬಿರುಕು ಬಿಡುತ್ತದೆ, ಕುಂಡದ ತುಳಸಿ ಒಂದು ದಿನ ನೀರು ತಪ್ಪಿದರೂ ತಲೆ ಬಾಗಿಸುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಬಸವನಗುಡಿಯ ಹೊಂಗೆ ಮರಗಳು ಹಳೆಯ ಎಲೆಯನ್ನೆಲ್ಲ ಉದುರಿಸಿ, ಕೆಲವು ದಿನ ಬರಿಗೊಂಬೆಯಲ್ಲಿ ನಿಂತು, ಯುಗಾದಿ ಬರುವಷ್ಟರಲ್ಲಿ ಮೈತುಂಬ ಎಳೆ ಹಸಿರು ತುಂಬಿಕೊಳ್ಳುತ್ತವೆ. ಏಪ್ರಿಲ್ ಕಳೆಯುತ್ತಿದ್ದಂತೆ ಹೂ. ಯಾರೂ ಅವಕ್ಕೆ ಒಂದು ಕೊಡ ನೀರು ಹಾಕಿರುವುದಿಲ್ಲ. ಮಲ್ಲೇಶ್ವರದ ಬೇವು, ಚಾಮರಾಜಪೇಟೆಯ ಅರಳಿಕಟ್ಟೆಯ ಅರಳಿ ಮರ ಕೂಡ ಹೀಗೇ.

2024 ನೆನಪಿದೆಯಲ್ಲ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗಾಗಿ ಜನ ಕಾದು ನಿಂತ ಬೇಸಿಗೆ. ಆ ಏಪ್ರಿಲ್ ತಿಂಗಳಿಡೀ ಹವಾಮಾನ ಇಲಾಖೆಯ ನಗರ ಕೇಂದ್ರದಲ್ಲಿ ಅಳೆಯುವಷ್ಟು ಮಳೆ ದಾಖಲಾಗಲಿಲ್ಲ. ಆ ವರ್ಷವೂ ಹೊಂಗೆ ಚಿಗುರಿತು. ಮಳೆ ಬಂದರೆ ಹಸಿರು, ಮಳೆ ಹೋದರೆ ಒಣಗು ಎಂಬ ನಮ್ಮ ಸರಳ ಲೆಕ್ಕಕ್ಕೆ ಈ ಮರಗಳು ಒಗ್ಗುವುದಿಲ್ಲ. ಹಾಗಾದರೆ ಅವು ಯಾವ ಲೆಕ್ಕದಲ್ಲಿ ನಡೆಯುತ್ತವೆ?

ಮೊದಲು ನೀರಿನ ಮಾತು. ಎಲೆಯೇ ಮರದ ದೊಡ್ಡ ಖರ್ಚು. ಬೇರು ಎಳೆದ ನೀರಿನ ಬಹುಪಾಲು ಎಲೆಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ವರ್ಷ ಹಳೆಯದಾದ ಎಲೆ ನೀರನ್ನು ಬಿಗಿಹಿಡಿಯುವುದರಲ್ಲಿ ಇನ್ನೂ ದುರ್ಬಲ. ಅದನ್ನು ಉದುರಿಸಿದ ಕೂಡಲೇ ಖರ್ಚು ನಿಂತು, ಬೇರು ಎಳೆಯುವ ನೀರೆಲ್ಲ ಕಾಂಡ ಕೊಂಬೆಗಳಲ್ಲಿ ಕೂಡಿಕೊಳ್ಳುತ್ತದೆ. ಆ ಜಮೆಯಿಂದಲೇ ಹೊಸ ಚಿಗುರು. ಬೇರು ಎಳೆಯುವುದು ಮೇಲಿನ ಒಣಮಣ್ಣಿನಿಂದ ಅಲ್ಲ. ಬಸವನಗುಡಿಯ ಕಹಳೆ ಬಂಡೆಯಾಗಲಿ ಲಾಲ್‌ಬಾಗ್‌ನ ಬಂಡೆಯಾಗಲಿ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅದೇ ಶಿಲೆ ಊರಿನ ಅಡಿಯಲ್ಲೆಲ್ಲ ಹರಡಿದೆ. ಗಟ್ಟಿ ಬಂಡೆಗೂ ಮೇಲಿನ ಕೆಂಪು ಮಣ್ಣಿಗೂ ನಡುವೆ ಶಿಥಿಲವಾಗಿ ಪುಡಿಯಾಗುತ್ತಿರುವ ಒಂದು ಪದರವಿದ್ದು, ಕಳೆದ ಮಳೆಗಾಲದ ನೀರು ಅಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಹಳೆ ಮನೆಗಳ ಹಿತ್ತಿಲ ಬಾವಿಗೆ ಬೇಸಿಗೆಯಲ್ಲೂ ನೀರು ಒಸರುತ್ತಿದ್ದದ್ದು ಆ ಪದರದಿಂದ. ದೊಡ್ಡ ಮರದ ಬೇರು ಹುಡುಕಿಕೊಂಡು ಹೋಗುವುದೂ ಅಲ್ಲಿಗೇ.

ಇನ್ನು ಗಡಿಯಾರ. ಡಿಸೆಂಬರಿನಲ್ಲಿ ನಮ್ಮ ಹಗಲು ಹನ್ನೊಂದೂವರೆ ಗಂಟೆಗಿಂತ ಸ್ವಲ್ಪ ಕಡಿಮೆ. ಜೂನ್‌ನಲ್ಲಿ ಹದಿಮೂರಕ್ಕೆ ಹತ್ತಿರ. ನಮಗೆ ಗೊತ್ತೇ ಆಗದ ಈ ಏರಿಕೆಯನ್ನು ಮರದ ಮೊಗ್ಗು ಗುರುತಿಸುತ್ತದೆ. ಮಳೆ ಒಂದು ವರ್ಷ ಬೇಗ ಬರಬಹುದು, ಇನ್ನೊಂದು ವರ್ಷ ಕೈಕೊಡಬಹುದು. ಹಗಲಿನ ಉದ್ದ ಎಂದೂ ತಪ್ಪುವುದಿಲ್ಲ. ಬಿಸಿಲಿನ ಲಾಭವೂ ಇದರಲ್ಲಿದೆ. ಏಪ್ರಿಲ್ 24-25ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ, ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಅಂಗಳದಲ್ಲಿ ಒಂದು ಸ್ಟೀಲ್ ಲೋಟ ನಿಲ್ಲಿಸಿ ನೋಡಿ, ನೆರಳು ಅದರ ಬುಡದಲ್ಲೇ ಅಡಗಿರುತ್ತದೆ. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಬರುತ್ತಾನೆ, ಆದರೆ ಆಗ ಮೋಡದ ಕಾಲ. ಅಂದರೆ ಆಕಾಶ ತೆರೆದಿದ್ದು ಸೂರ್ಯ ನೆತ್ತಿಯ ಮೇಲಿರುವ ದಿನಗಳಿಗೆ ಸರಿಯಾಗಿ ಮರದಲ್ಲಿ ಹೊಚ್ಚಹೊಸ ಎಲೆ ಸಿದ್ಧವಾಗಿರುತ್ತದೆ.

ಮೂರನೆಯ ಕಾರಣ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಏಕೆಂದರೆ ಅದನ್ನು ಕಂಡುಕೊಂಡವರು ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯವರು. ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೈ ಕಾಡಿನ ಮರಗಳು ಯಾವಾಗ ಚಿಗುರುತ್ತವೆ, ಆ ಚಿಗುರನ್ನು ಹುಳುಗಳು ಎಷ್ಟು ತಿನ್ನುತ್ತವೆ ಎಂದು ಗಮನಿಸಿ 1993ರಲ್ಲಿ ಪ್ರಕಟಿಸಿದರು. ಮಳೆಗೆ ಮುಂಚೆ, ಒಣ ತಿಂಗಳಲ್ಲೇ ಚಿಗುರಿದ ಮರಗಳ ಎಲೆಗೆ ಹುಳುವಿನ ಕಾಟ ಕಡಿಮೆ. ಮಳೆ ಬಂದ ಮೇಲೆ ಚಿಗುರಿದವಕ್ಕೆ ಹೆಚ್ಚು. ಎಲೆ ತಿನ್ನುವ ಕೀಟಗಳ ಸಂಖ್ಯೆ ಏರುವುದು ಮಳೆಯ ಜೊತೆಗೆ. ಅಷ್ಟರಲ್ಲಿ ಎಲೆ ಬಲಿತು ಗಡುಸಾಗಿಬಿಟ್ಟರೆ ಮರ ಗೆದ್ದಂತೆ. ಎಳೆಯ ಎಲೆಯೊಂದೇ ಮೆತ್ತಗಿನ ತಿಂಡಿ.

ಇದನ್ನು ತಿಳಿದ ಮೇಲೆ ಮಾವಿನ ಚಿಗುರನ್ನು ಕೈಯಲ್ಲಿ ಹಿಡಿದು ನೋಡಬೇಕು. ಅದು ಹಸಿರಲ್ಲ, ತಾಮ್ರದ ಬಣ್ಣ. ನೀರಿಲ್ಲದೆ ಬಾಡಿದೆಯೇನೋ ಎನ್ನುವ ಹಾಗೆ ಜೋತುಬಿದ್ದಿರುತ್ತದೆ, ಮುಟ್ಟಿದರೆ ರೇಷ್ಮೆಯ ನುಣುಪು. ಬಾಡಿಲ್ಲ. ಎಲೆಯನ್ನು ಸೆಟೆದು ನಿಲ್ಲಿಸುವ ನಾರು ಇನ್ನೂ ಬೆಳೆದಿಲ್ಲ, ಹಸಿರು ದ್ರವ್ಯವೂ ತುಂಬಿಲ್ಲ. ಕೆಂಪು ಬಣ್ಣದ ಆಂಥೋಸಯನಿನ್ ಎಳೆಯ ಜೀವಕೋಶಗಳನ್ನು ಉರಿಬಿಸಿಲಿನಿಂದ ಕಾಯುತ್ತದೆ. ಜೋತುಬಿದ್ದಿರುವುದರಿಂದ ನಡುಹಗಲಿನ ಬಿಸಿಲು ಎಲೆಯ ಮೇಲೆ ನೇರ ಬೀಳುವುದೂ ಇಲ್ಲ. ಎಲೆ ಗಟ್ಟಿಯಾಗುತ್ತಾ ಬಂದ ಹಾಗೆ ಹಸಿರಾಗಿ ಮೇಲೇಳುತ್ತದೆ. ಅರಳಿ ಎಲೆಯ ನಸುಗೆಂಪಿಗೂ ಇದೇ ವಿವರಣೆ.

ಹೊಂಗೆ ನಮ್ಮ ಹಳೆಯ ಬಡಾವಣೆಗಳಿಗೆ ಬಂದದ್ದರ ಹಿಂದೆ ಒಂದು ಕಾಲಘಟ್ಟವಿದೆ. ಚಾಮರಾಜಪೇಟೆ 1892ರಲ್ಲಿ, ಬಸವನಗುಡಿ ಮಲ್ಲೇಶ್ವರಗಳು ಅದೇ ದಶಕದಲ್ಲಿ ಮೂಡಿದವು; 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತಂದಿತು. ಗಾಳಿ ಬೆಳಕು ಬೇಕೆಂದು ಮನೆ ಸುತ್ತ ಜಾಗ ಬಿಟ್ಟರು, ಹಿಂದೆ ಕಸ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಬಿಟ್ಟ ಜಾಗದಲ್ಲಿ ತೆಂಗು, ಮಾವು, ಕರಿಬೇವು, ಸಂಪಿಗೆ, ಪಾರಿಜಾತ ಬಂದವು. ರಸ್ತೆಯ ಬದಿಗೆ ಹೊಂಗೆ, ಬೇವು. ಮಲ್ಲೇಶ್ವರದ ಎರಡು ಮುಖ್ಯ ರಸ್ತೆಗಳಿಗೆ ಇಂದಿಗೂ ಸಂಪಿಗೆಯ ಮತ್ತು ಬೇವಿನ ಹೆಸರಿದೆ. 1908ರಿಂದ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ವರ್ಷವಿಡೀ ಒಂದಲ್ಲ ಒಂದು ಮರ ಹೂಬಿಡುವಂತೆ ರಸ್ತೆಗಳನ್ನು ಯೋಜಿಸಿದ ಕತೆ ಎಲ್ಲರಿಗೂ ಗೊತ್ತು. ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಾಂಡ ನಮ್ಮ ಕಣ್ಣಿಗೆ ಹಬ್ಬವೇ ಸರಿ. ಆದರೆ ಊರಿನ ಜೀವಿಗಳ ಸಂಸಾರ ಹೆಚ್ಚಾಗಿ ನಡೆಯುವುದು ಹೊಂಗೆ, ಬೇವು, ಅರಳಿ, ಅತ್ತಿಗಳ ಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಂಗೆ ಹೂವಿನ ಕೆಳಗೆ ಬೆಳಿಗ್ಗೆ ಏಳರ ಹೊತ್ತಿಗೆ ಹತ್ತು ನಿಮಿಷ ನಿಂತರೆ ಇದು ಕಾಣುತ್ತದೆ. ಹೂವು ಅವರೆ, ತೊಗರಿಯ ಹೂವಿನದೇ ಆಕಾರ, ಬಣ್ಣ ಮಾತ್ರ ನಸು ನೇರಳೆ ಬೆರೆತ ಬಿಳಿ. ಅವರೆ ತೊಗರಿಗಳ ಕುಟುಂಬಕ್ಕೇ ಸೇರಿದ ಮರವಾದ್ದರಿಂದ ಹೂವಿನ ಕೇಸರ ಕೆಳಗಿನ ಎಸಳುಗಳ ಒಳಗೆ ಮುಚ್ಚಿಕೊಂಡಿರುತ್ತದೆ. ಭಾರ ಬಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಆ ಭಾರ ಹಾಕುವುದರಲ್ಲಿ ನಿಪುಣ ಎಂದರೆ ಮರ ಕೊರೆಯುವ ಕಪ್ಪು ದುಂಬಿ. ರೆಕ್ಕೆಯಲ್ಲಿ ನೀಲಿ ಮಿಂಚು, ಹೆಬ್ಬೆರಳ ತುದಿಯಷ್ಟು ಗಾತ್ರ. ಅದು ಬಂದು ಕೂತಾಗ ಹೂಗೊಂಚಲೇ ತೂಗುತ್ತದೆ, ಕೇಸರ ಚಿಮ್ಮಿ ದುಂಬಿಯ ಹೊಟ್ಟೆಗೆ ಪರಾಗ ಮೆತ್ತುತ್ತದೆ.

ಈ ದುಂಬಿಯ ಮನೆ ಎಲ್ಲಿ ಗೊತ್ತೇ? ಹಳೆ ಮನೆಯ ತೊಲೆ, ಜಂತೆ, ಬಿದಿರ ಗಳ, ಒಣಗಿದ ಕೊಂಬೆ. ಬಸವನಗುಡಿಯಲ್ಲಿ ಇನ್ನೂ ಉಳಿದಿರುವ ಮದ್ರಾಸ್ ತಾರಸಿ ಮನೆಗಳ ಜಗಲಿಯಲ್ಲಿ ನೆಲದ ಮೇಲೆ ಹಳದಿ ಮರದ ಪುಡಿ ಬಿದ್ದಿದ್ದರೆ ಮೇಲೆ ನೋಡಿ. ಅಚ್ಚು ಹಾಕಿದಷ್ಟು ದುಂಡಾದ ಒಂದು ತೂತು ಇರುತ್ತದೆ. ಗೆದ್ದಲು ಹಿಡಿಯಿತೆಂದು ಹೆದರಿ ಔಷಧಿ ಹೊಡೆಸುವವರಿದ್ದಾರೆ. ದುಂಬಿ ಮರವನ್ನು ತಿನ್ನುವುದಿಲ್ಲ. ಸುರಂಗ ಕೊರೆದು, ಕೊನೆಯಲ್ಲಿ ಪರಾಗ ಮಕರಂದ ಕಲಸಿದ ಉಂಡೆಯಿಟ್ಟು, ಅದರ ಮೇಲೆ ಒಂದು ಮೊಟ್ಟೆಯಿಟ್ಟು, ಕೊರೆದ ಪುಡಿಯಿಂದಲೇ ಗೋಡೆ ಕಟ್ಟುತ್ತದೆ. ಆಮೇಲೆ ಮುಂದಿನ ಕೋಣೆ. ಗಂಡಿಗೆ ಮುಳ್ಳೇ ಇಲ್ಲ, ಹೆಣ್ಣು ಹಿಡಿದು ಹಿಸುಕಿದರೆ ಹೊರತು ಕುಟುಕುವುದು ಅಪರೂಪ. ಒಂದೆರಡು ತೂತಿನಿಂದ ತೊಲೆ ಬೀಳುವುದಿಲ್ಲ.

ಹೊಂಗೆ ಎಲೆಯನ್ನೇ ಒಂದಿಷ್ಟು ಹತ್ತಿರ ತಂದುಕೊಳ್ಳಿ. ಎಲೆಯ ಮೇಲೆ ಬೆರಳಿನಾಕಾರದ ಪುಟ್ಟ ಗಂಟುಗಳು ಎದ್ದಿರುವುದನ್ನು ಮಕ್ಕಳು ಮೊದಲು ಗುರುತಿಸುತ್ತಾರೆ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ. ನುಸಿ ಎಲೆಯನ್ನು ಕೆಣಕುತ್ತದೆ, ಎಲೆ ಅದರ ಸುತ್ತ ತನ್ನದೇ ಅಂಗಾಂಶ ಬೆಳೆಸಿ ಗೂಡು ಮಾಡಿಕೊಡುತ್ತದೆ. ಮರಕ್ಕೆ ಇದರಿಂದ ಹೇಳಿಕೊಳ್ಳುವ ನಷ್ಟವಿಲ್ಲ. ರೋಗವೆಂದು ಮರ ಕಡಿಸುವ ಮಾತಾಡುವವರಿಗೆ ಇದನ್ನು ತಿಳಿಸಿಹೇಳುವುದು ಒಳ್ಳೆಯದು.

ಈಗ ಮೇಲಿನ ಕೊಂಬೆಗೆ ಬರೋಣ. ಏಪ್ರಿಲ್‌ನಿಂದ ಜೂನ್‌ವರೆಗೆ ಕಾಗೆ ಗೂಡಿನ ಕಾಲ. ಒಣಕಡ್ಡಿಯ ಜೊತೆಗೆ ಕೇಬಲ್ ತುಂಡು, ಕಟ್ಟುವ ತಂತಿ, ಬಟ್ಟೆ ಹ್ಯಾಂಗರ್ ಎಲ್ಲ ಸೇರಿಸಿ ಕಾಗೆ ಗೂಡು ಹೆಣೆಯುತ್ತದೆ. ಆ ಗೂಡಿಗಾಗಿಯೇ ಕೋಗಿಲೆಯ ಇಷ್ಟೂ ಗದ್ದಲ. ಕೂಗುವುದು ಕಪ್ಪು ಗಂಡು. ಚುಕ್ಕೆ ಮೈಯ ಹೆಣ್ಣು ಎಲೆಮರೆಯಲ್ಲಿ ಹೊಂಚು ಹಾಕಿರುತ್ತದೆ. ಗಂಡನ್ನು ಕಾಗೆಗಳು ಅಟ್ಟಿಸಿಕೊಂಡು ಹೋದ ಗಳಿಗೆಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಜಾಗ ಖಾಲಿ ಮಾಡುತ್ತದೆ. ಕೋಗಿಲೆ ಮೊಟ್ಟೆ ಕಾಗೆಯದಕ್ಕಿಂತ ಎರಡು ಮೂರು ದಿನ ಮುಂಚೆ ಒಡೆಯುವುದರಿಂದ ಅದರ ಮರಿಗೇ ಮೊದಲ ತುತ್ತು. ಕೋಗಿಲೆ ವಸಂತದಲ್ಲಿ ಎಲ್ಲಿಂದಲೋ ಬರುವ ಹಕ್ಕಿ ಎಂದು ಹಲವರು ತಿಳಿದಿದ್ದಾರೆ. ಅದು ವರ್ಷವಿಡೀ ನಮ್ಮ ಮರಗಳಲ್ಲೇ ಇರುತ್ತದೆ, ಚಳಿಗಾಲದಲ್ಲಿ ಮಾತಾಡುವುದಿಲ್ಲ ಅಷ್ಟೆ. ಹಣ್ಣು ತಿಂದು ಬೀಜ ಬೀಳಿಸುವ ಕೆಲಸವನ್ನೂ ಮಾಡುತ್ತದೆ. ಹಿತ್ತಿಲ ಮೂಲೆಯಲ್ಲಿ ಯಾರೂ ನೆಡದ ಶ್ರೀಗಂಧದ ಸಸಿ ಎದ್ದಿದ್ದರೆ ಅದು ಕೋಗಿಲೆಯಂಥ ಹಕ್ಕಿಗಳ ಕೊಡುಗೆ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ಆಹಾರ ಪಡೆಯುತ್ತದೆ. ಹೊಂಗೆ ಅದಕ್ಕೆ ಒಳ್ಳೆಯ ಆಸರೆ.

ಮೇ ತಿಂಗಳಲ್ಲಿ ಕಾಗೆ ತಲೆಗೆ ಕುಕ್ಕಿತೆಂಬ ದೂರು ಪ್ರತಿ ಬೀದಿಯಲ್ಲೂ ಕೇಳುತ್ತದೆ. ಅಪಶಕುನವೆಂದು ತಲೆಗೆ ನೀರು ಹಾಕಿಕೊಂಡು, ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ ಬರುವವರು ನಮ್ಮ ನಡುವೆ ಬೇಕಾದಷ್ಟು ಮಂದಿ. ದೀಪ ಹಚ್ಚಲಿ, ಅದು ಅವರವರ ನಂಬಿಕೆ. ಆದರೆ ಕಾಗೆ ಕುಕ್ಕಿದ ಜಾಗಕ್ಕೆ ಮತ್ತೆ ಹೋಗಿ ನೋಡಿದರೆ ಆಸುಪಾಸಿನ ತಗ್ಗು ಕೊಂಬೆಯಲ್ಲೋ ಕಾಂಪೌಂಡ್ ಗೋಡೆಯ ಮೇಲೋ ಹಾರಲು ಬಾರದ ಮರಿಯೊಂದು ಕೂತಿರುವುದು ಬಹುಮಟ್ಟಿಗೆ ಖಂಡಿತ. ಕಾಗೆ ಮರಿ ಚೆನ್ನಾಗಿ ಹಾರಲು ಕಲಿಯುವ ಮುಂಚೆಯೇ ಗೂಡು ಬಿಟ್ಟು ಬರುತ್ತದೆ. ಆ ವಾರ ಹತ್ತು ದಿನ ತಂದೆತಾಯಿಗೆ ಹತ್ತಿರ ಸುಳಿದವರೆಲ್ಲ ಶತ್ರುಗಳು. ಕೊಡೆ ಹಿಡಿದು ಹೋಗಿ, ಇಲ್ಲವೇ ರಸ್ತೆಯ ಆಚೆ ಬದಿಯಲ್ಲಿ ನಡೆಯಿರಿ. ಗೂಡು ಕೀಳಿಸಬೇಡಿ.

ಕುಟ್ರು ಹಕ್ಕಿಯ ಕೂಗು ಕೇಳದ ಬೇಸಿಗೆಯ ಮಧ್ಯಾಹ್ನ ಮಲ್ಲೇಶ್ವರದಲ್ಲಿ ಇಲ್ಲ. ಎಲೆ ಹಸಿರಿನ ಮೈ, ಕೆನ್ನೆಯಲ್ಲಿ ಬಿಳಿ ಪಟ್ಟೆ. ಎಲೆಗಳ ನಡುವೆ ಕೂತರೆ ಕಾಣುವುದೇ ಕಷ್ಟ. ಅದರ ಚಿಕ್ಕ ಬಂಧು ಕಂಚುಗಾರ ಹಕ್ಕಿ ಹಣೆಯಲ್ಲಿ ಕೆಂಪು ಬೊಟ್ಟಿಟ್ಟುಕೊಂಡು ಟುಕ್ ಟುಕ್ ಎಂದು ಒಂದೇ ಲಯದಲ್ಲಿ ಕೂಗುತ್ತಲೇ ಇರುತ್ತದೆ. ಎರಡಕ್ಕೂ ಬೇಕಾದದ್ದು ಒಣಕೊಂಬೆ. ಹಸಿ ಮರವನ್ನು ಕೊರೆಯುವಷ್ಟು ಬಲ ಅವುಗಳ ಕೊಕ್ಕಿಗಿಲ್ಲ. ಒಣಗಿ ಮೆತ್ತಗಾದ ಕೊಂಬೆಯ ಅಡಿಯಿಂದ ದುಂಡಗೆ ತೂತು ಕೊರೆದು ಒಳಗೆ ಮೊಟ್ಟೆಯಿಡುತ್ತವೆ. ಅವು ಬಿಟ್ಟುಹೋದ ಪೊಟರೆಗೆ ಮುಂದೆ ಮಡಿವಾಳ ಹಕ್ಕಿಯಂಥವು ಬಾಡಿಗೆಯಿಲ್ಲದೆ ಬರುತ್ತವೆ. ನಮಗೆ ಸತ್ತ ಕೊಂಬೆಯಾಗಿ ಕಾಣುವುದು ಹಕ್ಕಿಗಳ ಪಾಲಿಗೆ ಹೆರಿಗೆ ಮನೆ.

ಸೂರಕ್ಕಿಗೆ ಮರವೇ ಬೇಕೆಂದಿಲ್ಲ. ಚಾಮರಾಜಪೇಟೆಯ ನಮ್ಮ ಅತ್ತೆಯ ಮನೆಯ ಜಗಲಿಯಲ್ಲಿ ಬಟ್ಟೆ ಒಣಹಾಕುವ ತಂತಿಗೆ ಅದು ಗೂಡು ಕಟ್ಟಿದೆ. ನಾರು, ಒಣಹುಲ್ಲು, ತೊಗಟೆಯ ಚೂರು, ಎಲ್ಲಕ್ಕೂ ಜೇಡರ ಬಲೆಯೇ ಅಂಟು. ಬಾಗಿಲಿನ ಮೇಲೆ ಮಳೆ ಹನಿ ಒಳಗೆ ಬೀಳದಂತೆ ಒಂದು ಪುಟ್ಟ ಸೂರು. ಕಟ್ಟಿದ್ದೆಲ್ಲ ಹೆಣ್ಣು; ಗಂಡು ಮಿರಮಿರ ಮಿಂಚುತ್ತಾ ಆಗಾಗ ಬಂದು ನೋಡಿಕೊಂಡು ಹೋಗುತ್ತಿತ್ತು. ಅತ್ತೆ ಮೂಲೆಯ ಜೇಡರ ಬಲೆಯನ್ನು ಗುಡಿಸುವುದನ್ನು ಬಿಟ್ಟಿದ್ದಾರೆ. ಬಟ್ಟೆ ಈಗ ತಾರಸಿಯ ಮೇಲೆ ಒಣಗುತ್ತವೆ.

ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದವರೆಗೆ ಭರಣಿ, ಆಮೇಲೆ ಕೃತ್ತಿಕಾ, ತಿಂಗಳ ಕೊನೆಗೆ ರೋಹಿಣಿ. ಹೊತ್ತು ಇಳಿಯುವಾಗ ಮೋಡ ಕಟ್ಟಿ, ಗಾಳಿ ಎದ್ದು, ಅರ್ಧ ಗಂಟೆ ಹೊಡೆದು ಹೋಗುವ ಈ ಮಳೆಯ ಮೊದಲ ಹನಿಗೆ ಏಳುವ ಮಣ್ಣಿನ ಘಮ ಜಿಯೋಸ್ಮಿನ್ ಎಂಬ ವಸ್ತುವಿನದು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಸಿಮೆಂಟ್ ಅಂಗಳದಲ್ಲಿ ಆ ಘಮ ಏಳುವುದಿಲ್ಲ. ಅದೇ ಸಂಜೆ ದೀಪದ ಸುತ್ತ ಈಸಲು ಹುಳುಗಳು. ಅವು ಗೆದ್ದಲಿನ ರಾಜ ರಾಣಿಯರು, ಹುತ್ತ ಬಿಟ್ಟು ಜೋಡಿ ಹುಡುಕಲು ಹೊರಟವು. ರೆಕ್ಕೆ ಕಳಚಿ ಹೆಣ್ಣು ಮುಂದೆ, ಗಂಡು ಅದರ ಬಾಲಕ್ಕೆ ಅಂಟಿಕೊಂಡು ಹಿಂದೆ, ಮಣ್ಣು ಹುಡುಕಿ ಓಡುತ್ತವೆ. ನೂರಾರರಲ್ಲಿ ಒಂದೆರಡು ಜೋಡಿ ಉಳಿದರೆ ಹೆಚ್ಚು. ಮಿಕ್ಕವು ಹದ್ದು, ಕಾಗೆ, ಕಾಜಾಣ, ಹಲ್ಲಿಗಳ ಪಾಲು. ಗೂಡಿನ ಮರಿಗಳಿಗೆ ಇದಕ್ಕಿಂತ ಸತ್ವದ ಊಟವಿಲ್ಲ. ಜಗಲಿಯ ದೀಪ ಅರ್ಧ ಗಂಟೆ ಆರಿಸಿದರೆ ಈಸಲು ಮನೆಯೊಳಗೆ ಬರುವುದಿಲ್ಲ.

ಮಳೆಯಾದ ಮೇಲೆ ಕುಂಡಗಳನ್ನು ನೋಡಿ. ಚಳಿಗಾಲವಿಡೀ ಸತ್ತಂತಿದ್ದ ಮೇ ಫ್ಲವರ್ ಗಡ್ಡೆಯಿಂದ ಎಲೆಗಿಂತ ಮೊದಲೇ ದಪ್ಪನೆಯ ದಂಟು ಎದ್ದು, ತುದಿಯಲ್ಲಿ ನೂರಕ್ಕೂ ಹೆಚ್ಚು ಪುಟ್ಟ ಹೂಗಳ ಕೆಂಪು ಚೆಂಡು ಬಿಚ್ಚಿಕೊಳ್ಳುತ್ತದೆ. ಆಫ್ರಿಕಾದ ಗಿಡ, ಎಷ್ಟೋ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಕುಂಡದಿಂದ ಕುಂಡಕ್ಕೆ ದಾಟಿ ಬಂದಿದೆ. ಗಡ್ಡೆ ವಿಷ, ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಬೇಕು. ಹೂ ಬಾಡಿದ ಮೇಲೆ ಎಲೆ ಕತ್ತರಿಸಬೇಡಿ, ಮುಂದಿನ ವರ್ಷದ ಹೂವಿಗೆ ಗಡ್ಡೆ ದಪ್ಪವಾಗುವುದು ಆ ಎಲೆಯಿಂದ.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವ ಕೆಲಸ ನಮ್ಮ ಊರಿನಲ್ಲಿ ಬಿರುಸಾಗುವುದು ಏಪ್ರಿಲ್-ಮೇ ತಿಂಗಳಲ್ಲಿ, ಗೂಡುಗಳು ತುಂಬಿರುವ ಹೊತ್ತಿಗೇ. ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಮೇ ತಿಂಗಳ ಗಾಳಿಗೆ ಮರ ಬಿದ್ದು ಜೀವ ಹೋದದ್ದುಂಟು. ರಸ್ತೆಯ ಮೇಲೆ ಚಾಚಿರುವ ಒಣಕೊಂಬೆಯನ್ನು ತೆಗೆಯಲೇಬೇಕು. ಆದರೆ ಮರ ಬೀಳುವುದಕ್ಕೆ ಎಲೆಯ ಭಾರವೊಂದೇ ಕಾರಣವಲ್ಲ. ಚರಂಡಿ, ಕೇಬಲ್ಲಿಗಾಗಿ ಒಂದು ಪಕ್ಕದ ಬೇರು ಕಡಿದು, ಬುಡದವರೆಗೂ ಕಾಂಕ್ರೀಟು ಸುರಿದು, ನೀರು ಗಾಳಿ ಇಳಿಯದ ಹಾಗೆ ಮಾಡಿದ ಮರ ಯಾವ ಗಾಳಿಗೂ ನಿಲ್ಲುವುದಿಲ್ಲ. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ನಮ್ಮ ಮನೆಯ ಮುಂದಿನ ಮರಕ್ಕೆ ಅಷ್ಟು ಜಾಗ ಬಿಡಲು ಯಾರ ಆದೇಶವೂ ಬೇಕಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮನೆಯ ಮರದ ಕೊಂಬೆ ಸವರಿಸಬೇಕಿದ್ದರೆ ಡಿಸೆಂಬರ್-ಜನವರಿಯಲ್ಲಿ ಮಾಡಿಸಿ. ಹದ್ದಿನ ಗೂಡು ಆಗಲೂ ಇರಬಹುದು, ನೋಡಿಕೊಳ್ಳಿ. ಬೇಸಿಗೆಯಲ್ಲೇ ಮಾಡಲೇಬೇಕಾದರೆ ಕತ್ತಿ ಹಾಕುವ ಮುಂಚೆ ಕಾಲು ಗಂಟೆ ಕೆಳಗೆ ನಿಂತು ಹಕ್ಕಿ ಹೋಗಿಬರುವ ಕೊಂಬೆ ಯಾವುದೆಂದು ಗುರುತಿಸಿ, ಅದೊಂದನ್ನು ಉಳಿಸಿ. ಹಿತ್ತಿಲ ಕಡೆಯ, ಯಾರ ತಲೆಯ ಮೇಲೂ ಬೀಳದ ಒಣಕೊಂಬೆ ಕುಟ್ರು ಹಕ್ಕಿಗೆ ಇರಲಿ. ಉದುರಿದ ಎಲೆ ಹೂಗಳಿಗೆ ಬೆಂಕಿಯಿಡಬೇಡಿ, ಅದು ಕಾನೂನಿಗೂ ವಿರುದ್ಧ. ಮೂಲೆಯಲ್ಲಿ ರಾಶಿ ಹಾಕಿ ನೀರು ಚಿಮುಕಿಸಿದರೆ ಆರೇಳು ತಿಂಗಳಲ್ಲಿ ಕುಂಡಕ್ಕೆ ಗೊಬ್ಬರ. ಹಕ್ಕಿಗೆ ನೀರಿಡುವವರು ಬಟ್ಟಲನ್ನು ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆಯಿರಿ, ಡೆಂಗಿ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರೆ ಹೋಗುವುದಿಲ್ಲ.